ನೊಗಕ್ಕೆ ಹೆಗಲು ಕೊಟ್ಟ ಸಾಧು

ಹಂಪಸಾಗರದ ಕಡೆಯ ರೈತ ಎತ್ತು ಕೊಳ್ಳಲು ಸಂತೆಗೆ ಹೋದರೆ ಮೊದಲು ಹಲ್ಲು ನೋಡುತ್ತಾನೆ, ಆಮೇಲೆ ಸುಳಿ, ಗೊರಸು. ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಎಲ್ಲ ಮುಗಿದ ಮೇಲೆ ಒಂದು ಮಾತು ಕೇಳುತ್ತಾನೆ: ‘ಸಾಧು ಐತೇನು?’

ಹಾಯುವುದಿಲ್ಲವೇ, ಒದೆಯುವುದಿಲ್ಲವೇ, ಹೇಳಿದ ಮಾತು ಕೇಳುತ್ತದೆಯೇ ಎಂದು ಅದರ ಅರ್ಥ. ಬಡಕಲು ಎತ್ತನ್ನು ಯಾರೂ ‘ಸಾಧು’ ಎಂದು ಹೊಗಳಿ ಕೊಳ್ಳುವುದಿಲ್ಲ. ಎರೆ ಹೊಲದಲ್ಲಿ ರೆಂಟೆ ಎಳೆಯುವ ಕಸುವು ಇರಬೇಕು, ಆ ಕಸುವು ಹಗ್ಗದ ಮಾತಿಗೆ ಒಗ್ಗಿರಲೂ ಬೇಕು. ಸಂತೆಯಲ್ಲಿ ‘ಸಾಧು’ ಎಂಬುದು ಬೆಲೆ ಏರಿಸುವ ಮಾತು.

ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ಈ ಪದದ ಬೆಲೆ ಇಳಿಯುತ್ತದೆ. ‘ಪಾಪ, ಸಾಧು ಮನುಷ್ಯ’ ಎನ್ನುತ್ತೇವೆ. ಆ ‘ಪಾಪ’ದಲ್ಲಿ ಮೆಚ್ಚುಗೆಗಿಂತ ಕನಿಕರ ಹೆಚ್ಚು. ಕೈಲಾಗದವನು, ಎದುರಾಡದವನು ಎಂಬ ಧ್ವನಿ ಸೇರಿಬಿಡುತ್ತದೆ.

ಪದದ ಹುಟ್ಟು ಹಾಗಿಲ್ಲ. ಸಾಧಿಸು, ಸಾಧನೆ, ಸಾಧಕ ಇವೆಲ್ಲ ಹುಟ್ಟಿದ ಬೇರಿನಿಂದಲೇ ಸಾಧುವೂ ಹುಟ್ಟಿದೆ. ನೆಟ್ಟಗೆ ಗುರಿ ಮುಟ್ಟುವುದು ಆ ಬೇರಿನ ಅರ್ಥ. ವ್ಯಾಕರಣದಲ್ಲಿ ಸರಿಯಾದ ರೂಪವೇ ಸಾಧು ರೂಪ. ಸಭೆಯಲ್ಲಿ ‘ಸಾಧು, ಸಾಧು’ ಎಂದರೆ ಭೇಷ್ ಎಂದು ತಲೆದೂಗಿದಂತೆ. ಸೇಡು ಸಾಧಿಸುವವನೂ ಇದೇ ಬೇರಿನ ಮಾತನ್ನು ಬಳಸುತ್ತಾನೆ. ಸೇಡನ್ನು ಬಿಟ್ಟು ಒಳಿತನ್ನು ಸಾಧಿಸುವವನಿಗೆ ಸಾಧು ಎಂಬ ಹೆಸರು ನಿಲ್ಲುತ್ತದೆ.

ಈ ಪದ ಕನ್ನಡ ಕ್ರೈಸ್ತರ ಬಾಳಿಗೂ ಬಂದಿದೆ. ಹಂಪಸಾಗರವಿರುವ ಹಗರಿಬೊಮ್ಮನಹಳ್ಳಿ ತಾಲ್ಲೂಕು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರುವ ತನಕ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅದೇ ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದರು. ಅವರು ಕನ್ನಡ ಕಲಿತು, ಸಂಗಡಿಗರೊಂದಿಗೆ ಕೂತು ಬೈಬಲನ್ನು ಕನ್ನಡಕ್ಕೆ ತಂದರು. 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿತ್ತು. ಆಮೇಲಿನ ತಲೆಮಾರುಗಳು ಅದನ್ನು ತಿದ್ದುತ್ತ ಬಂದವು.

ಗ್ರೀಕ್ ಮೂಲದ ‘ಪ್ರಾವುಸ್’ ಎಂಬ ಒಂದು ಗುಣಕ್ಕೆ ಕನ್ನಡ ಸತ್ಯವೇದ ಒಂದೇ ಪದ ಹಿಡಿದು ಕೂತಿಲ್ಲ. ಬೆಟ್ಟದ ಮೇಲಿನ ಬೋಧನೆಯಲ್ಲಿ ಧನ್ಯರೆನಿಸಿದವರು ‘ಶಾಂತರು’. ಯೇಸು ತನ್ನನ್ನು ಕರೆದುಕೊಳ್ಳುವುದು ‘ಸಾತ್ವಿಕ’ ಎಂದು. ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ಆತ್ಮನ ಫಲಗಳ ಸಾಲಿನಲ್ಲಿ, ‘ಸಾಧುತ್ವ’ ಬರುತ್ತದೆ. ಗ್ರೀಕರು ಈ ಪದವನ್ನು ಪಳಗಿದ ಕುದುರೆಗೂ ಬಳಸುತ್ತಿದ್ದರು. ಅರಿಸ್ಟಾಟಲ್ ಇದನ್ನು ಅತಿಕೋಪಕ್ಕೂ ಸಿಟ್ಟೇ ಬಾರದ ಜಡತನಕ್ಕೂ ನಡುವಿನ ಗುಣ ಎಂದ. ನಮ್ಮ ಸಂತೆಯ ರೈತನ ಮಾತಿಗೂ ಆ ಗ್ರೀಕ್ ಪದಕ್ಕೂ ಎಷ್ಟು ಹತ್ತಿರ!

ಯೇಸು ತನ್ನನ್ನು ಸಾತ್ವಿಕನೆಂದು ಹೇಳಿಕೊಂಡದ್ದು ನೊಗದ ಮಾತಾಡುವಾಗಲೇ. ತನ್ನ ನೊಗಕ್ಕೆ ಹೆಗಲು ಕೊಡಿ, ತನ್ನಿಂದ ಕಲಿಯಿರಿ ಎಂದು ಅವನು ಕರೆಯುತ್ತಾನೆ. ಎಳೆ ಹೋರಿಯನ್ನು ಪಳಗಿಸುವಾಗ ರೈತ ಅದನ್ನು ಅನುಭವಿ ಎತ್ತಿನ ಜೋಡಿ ಹೂಡುತ್ತಾನೆ. ಹೆಚ್ಚಿನ ಭಾರ ಹಳೆಯ ಎತ್ತಿನದು, ಹೋರಿ ಹೆಜ್ಜೆ ಕಲಿಯುತ್ತದೆ. ಆ ಕರೆಯನ್ನು ಓದುವಾಗಲೆಲ್ಲ ನನಗೆ ಈ ಜೋಡಿಯೇ ಕಣ್ಣ ಮುಂದೆ ಬರುತ್ತದೆ.

ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ ಸುಮಾರು 1300 ವರ್ಷ ಹಳೆಯದು. ಕನ್ನಡದ ಅತಿ ಹಳೆಯ ತ್ರಿಪದಿಗಳು ಅದರಲ್ಲಿವೆ. ಅಲ್ಲಿಯೂ ಸಾಧು ಪದವಿದೆ. ಆ ವೀರ ಸಾಧುವಿಗೆ ಸಾಧು, ಬಾಧಿಸುವವನಿಗೆ ‘ಕಲಿಯುಗ ವಿಪರೀತ’ ಎಂಬುದು ಅದರ ಹೊಗಳಿಕೆ. ಕ್ರಿಸ್ತನು ಕೇಳುವುದು ಒಂದು ಹೆಜ್ಜೆ ಮುಂದಿನದು. ಬಾಧಿಸಿದವನ ಮುಂದೆಯೂ ಸಾಧುವಾಗಿರು, ಅವನಿಗಾಗಿ ಪ್ರಾರ್ಥಿಸು ಎನ್ನುತ್ತಾನೆ. ಶಿಲುಬೆಯ ಮೇಲೆ ಅವನೇ ಹಾಗೆ ಮಾಡಿದ. ದೇವಾಲಯದಲ್ಲಿ ಚಿನಿವಾರರ ಮೇಜುಗಳನ್ನು ಕೆಡವಿದವನೂ ಅವನೇ. ಬೇರೆಯವರ ಪೂಜೆಯ ಜಾಗ ಸಂತೆಯಾದಾಗ ಸಿಟ್ಟಾದ, ತನಗೆ ಮೊಳೆ ಹೊಡೆದಾಗ ಕ್ಷಮೆ ಬೇಡಿದ.

ಇಲ್ಲಿ ಒಂದು ಎಚ್ಚರ ಬೇಕು. ‘ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು’ ಎಂಬುದು ನಮ್ಮೂರುಗಳ ಅನುಭವ. ತಲೆಮಾರುಗಳಿಂದ ತಲೆ ತಗ್ಗಿಸಿ ನಿಲ್ಲಿಸಲ್ಪಟ್ಟವರಿಗೆ ‘ಸಾಧುವಾಗಿರು’ ಎಂದು ಬೋಧಿಸುವುದು ಸುವಾರ್ತೆಯಲ್ಲ. ಅದು ಹಳೆಯ ಗುದ್ದಿನ ಹೊಸ ರೂಪ. ಇನ್ನೊಬ್ಬರು ಬಗ್ಗಿಸಿದ ಬೆನ್ನು ಬೇರೆ, ತಾನೇ ಬಗ್ಗಿ ಇನ್ನೊಬ್ಬರ ಕಾಲು ತೊಳೆದ ಬೆನ್ನು ಬೇರೆ. ಕೊನೆಯ ಊಟದ ರಾತ್ರಿ ನಡುವಿಗೆ ಬಟ್ಟೆ ಕಟ್ಟಿಕೊಂಡು ಕೂತವನು ಗುರು, ಶಿಷ್ಯರಲ್ಲ. ದೀನತೆಯ ಪಾಠ ಮೇಲಿದ್ದವನಿಂದ ಶುರುವಾಯಿತು. ಇಂದೂ ಅದು ಮೊದಲು ಸಲ್ಲಬೇಕಾದದ್ದು ಕಸುವುಳ್ಳವರಿಗೆ: ಮನೆಯ ಯಜಮಾನನಿಗೆ, ಸಭೆಯ ಹಿರಿಯನಿಗೆ, ಊರ ಗೌಡನಿಗೆ.

ಸಂಜೆ ತುಂಗಭದ್ರೆಯ ಹಿನ್ನೀರಿನ ಕಡೆಗೆ ಎತ್ತುಗಳನ್ನು ನೀರಿಗೆ ಹೊಡೆದುಕೊಂಡು ಹೋಗುವುದನ್ನು ನೋಡಬೇಕು. ದಿನವಿಡೀ ಹೊಲ ಉತ್ತ ಎತ್ತಿನ ಹಗ್ಗ ಎಂಟು ವರ್ಷದ ಹುಡುಗಿಯ ಕೈಯಲ್ಲಿರುತ್ತದೆ. ಒಮ್ಮೆ ಕತ್ತು ಕೊಡವಿದರೆ ಹಗ್ಗ ಕಿತ್ತುಹೋದೀತು. ಎತ್ತು ಕೊಡವುವುದಿಲ್ಲ. ಹುಡುಗಿಯ ಪುಟ್ಟ ಹೆಜ್ಜೆಗೆ ತನ್ನ ಹೆಜ್ಜೆಯನ್ನು ಸಣ್ಣದು ಮಾಡಿಕೊಂಡು ನಡೆಯುತ್ತದೆ.