ಬೀಗ ಹಾಕಿದ ಪಾರ್ಲಿಮೆಂಟು, ಚಪ್ಪರದಲ್ಲಿ ಸಂಪುಟ

51ರ ಶೇಕಡಾ 10 ಎಷ್ಟು? 5.1. ಹಾಗಾದ್ರೆ ಐದು ಜನ ಸಾಕಾ, ಆರು ಬೇಕಾ? ನಮ್ಮ ಆಫೀಸಲ್ಲಾಗಿದ್ರೆ ಟೀ ಕುಡಿಯೋದ್ರೊಳಗೆ ಮುಗಿಯೋ ಚರ್ಚೆ. ಪೆಸಿಫಿಕ್ ಸಾಗರದಲ್ಲಿರೋ, ಸುಮಾರು ಎರಡು ಲಕ್ಷ ಜನರ ಸಮೋವಾದಲ್ಲಿ 2021ರಲ್ಲಿ ಇದೇ ಪ್ರಶ್ನೆಯಿಂದ ಶುರುವಾದ ಜಗಳ ಮುಗಿಯೋಕೆ ಮೂರು ತಿಂಗಳು ದಾಟಿತು.

ತುಯಿಲಾಎಪಾ ಅಲ್ಲಿ 22 ವರ್ಷದಿಂದ ಪ್ರಧಾನಿ. ಅವರ ಎಚ್‌ಆರ್‌ಪಿಪಿ ಪಕ್ಷವಂತೂ 1982ರಿಂದ ಹೆಚ್ಚುಕಡಿಮೆ ಕುರ್ಚಿ ಬಿಟ್ಟೇ ಇರಲಿಲ್ಲ. ಅವರ ಉಪಪ್ರಧಾನಿಯಾಗಿದ್ದ ಫಿಯಾಮೆ ನವೋಮಿ ಮತಾಅಫಾ, ಕೋರ್ಟುಗಳ ಅಧಿಕಾರ ಬದಲಿಸೋ ಮಸೂದೆಗಳನ್ನು ಒಪ್ಪದೆ 2020ರ ಸೆಪ್ಟೆಂಬರಲ್ಲಿ ರಾಜೀನಾಮೆ ಕೊಟ್ಟು, ಮುಂದೆ ಫಾಸ್ಟ್ ಅನ್ನೋ ಹೊಸ ಪಕ್ಷದ ನಾಯಕಿಯಾದರು. ಇವರ ಅಪ್ಪ ದೇಶದ ಮೊದಲ ಪ್ರಧಾನಿ. ಅಂದಹಾಗೆ ‘ಫಿಯಾಮೆ’ ಅನ್ನೋದು ಕುಟುಂಬದ ಮುಖಂಡರಿಗೆ ಸಿಗೋ ‘ಮತಾಯ್’ ಬಿರುದು. ಇಂಥ ಬಿರುದಿಲ್ಲದವರು ಅಲ್ಲಿ ಚುನಾವಣೆಗೆ ನಿಲ್ಲೋ ಹಾಗೇ ಇಲ್ಲ.

ಏಪ್ರಿಲ್ 9ರ ಫಲಿತಾಂಶ: ಎಚ್‌ಆರ್‌ಪಿಪಿ 25, ಫಾಸ್ಟ್ 25, ಪಕ್ಷೇತರ ಒಬ್ಬರು. ಅವರೇ ಟುವಾಲಾ ಇಯೋಸೆಫೋ ಪೊನಿಫಾಸಿಯೋ. ಇಡೀ ದೇಶ ಅವರ ಬಾಯಿ ನೋಡ್ತಾ ಕೂತಿತ್ತು.

ಲೆಕ್ಕ ಬಂದದ್ದು ಇಲ್ಲಿ. ಸದನದಲ್ಲಿ ಶೇಕಡಾ 10ರಷ್ಟಾದರೂ ಮಹಿಳೆಯರು ಇರಲೇಬೇಕು ಅಂತ 2013ರಲ್ಲಿ ಸಂವಿಧಾನ ತಿದ್ದಿದ್ದರು. ಆಗ ಇದ್ದದ್ದು 49 ಸೀಟು, ಹಾಗಾಗಿ ಗೊಂದಲ ಬೇಡ ಅಂತ ‘ಸದ್ಯಕ್ಕೆ 5’ ಅಂತಲೂ ಬರೆದಿಟ್ಟರು. ಆಮೇಲೆ ಸೀಟು 51 ಆಯ್ತು, ಆ 5 ಮಾತ್ರ ಅಲ್ಲೇ ಉಳೀತು. ನಮ್ಮ ಕಸುಬಲ್ಲಿ ಇದಕ್ಕೆ ಹಾರ್ಡ್‌ಕೋಡಿಂಗ್ ಅಂತೀವಿ. ಬರೆದವನ ಕಾಲಕ್ಕೆ ಸರಿಯಾಗೇ ಇರುತ್ತೆ.

ಗೆದ್ದ ಮಹಿಳೆಯರು ಐವರು, ಅಂದರೆ ಶೇಕಡಾ 9.8. ಸಾಲದು ಅಂತ ಚುನಾವಣಾ ಆಯುಕ್ತರು ಆರನೆಯವರನ್ನು ಸೇರಿಸಿದರು, ಅವರು ಎಚ್‌ಆರ್‌ಪಿಪಿಯವರು. ಅಷ್ಟರಲ್ಲಿ ಟುವಾಲಾ ಫಾಸ್ಟ್ ಕಡೆ ಬಂದರು. 26–26. ರಾಷ್ಟ್ರದ ಮುಖ್ಯಸ್ಥರು ಮತ್ತೆ ಚುನಾವಣೆ ಅಂದರು. ಮೇ 17ರಂದು ಸುಪ್ರೀಂ ಕೋರ್ಟ್ ಆರನೇ ನೇಮಕವನ್ನೂ ಹೊಸ ಚುನಾವಣೆಯನ್ನೂ ರದ್ದು ಮಾಡಿತು. (ಆರು ಬೇಕು ನಿಜ, ಆದರೆ ತಕರಾರು ಅರ್ಜಿ, ಉಪಚುನಾವಣೆ ಎಲ್ಲಾ ಮುಗಿದ ಮೇಲೆ ಎಣಿಸಿ ಅಂತ ಮೇಲ್ಮನವಿ ನ್ಯಾಯಾಲಯ ಜೂನ್‌ನಲ್ಲಿ ಹೇಳಿತು. ಲೆಕ್ಕ ಸರಿ, ಸಮಯ ತಪ್ಪು.)

ಚುನಾವಣೆಯಾದ 45 ದಿನದೊಳಗೆ ಸದನ ಸೇರಬೇಕು; ಕೊನೆಯ ದಿನ ಮೇ 24. ಎರಡು ದಿನ ಮುಂಚೆ ರಾಷ್ಟ್ರದ ಮುಖ್ಯಸ್ಥರು ಅಧಿವೇಶನದ ಕರೆ ವಾಪಸ್ ತಗೊಂಡರು. ಭಾನುವಾರವೇ ಕೂತ ಕೋರ್ಟು, ಅದು ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು. ಸೋಮವಾರ ಬೆಳಿಗ್ಗೆ ಪಾರ್ಲಿಮೆಂಟಿಗೆ ಬೀಗ.

ಮುಖ್ಯ ನ್ಯಾಯಮೂರ್ತಿ ಸತಿಯು ಸಿಮಾಟಿವಾ ಪೆರೆಸೆ ಗೌನು, ವಿಗ್ಗು ಸಮೇತ ನಡಕೊಂಡು ಬಂದರು, ಬಾಗಿಲು ತೆರೆಯಲ್ಲ ಅಂತ ಖಾತ್ರಿ ಮಾಡಿಕೊಂಡರು, ವಾಪಸ್ ಹೋದರು. ಇಡೀ ಕತೆಯಲ್ಲಿ ನನಗೆ ಮರೆಯೋಕಾಗದ್ದು ಆ ನಡಿಗೆ. ಬೀಗ ಒಡೆಯಿರಿ ಅಂತ ಯಾರಿಗೂ ಹೇಳಲಿಲ್ಲ. ಸಮೋವಾಕ್ಕೆ ಸೈನ್ಯವೂ ಇಲ್ಲ.

ಸಂಜೆಯ ಹೊತ್ತಿಗೆ ಪಾರ್ಲಿಮೆಂಟಿನ ಮುಂದಿನ ಹುಲ್ಲಿನ ಮೇಲೆ, ನಮ್ಮ ಮದುವೆ ಚಪ್ಪರದಂಥ ಡೇರೆಯೊಳಗೆ, ಫಿಯಾಮೆ ಮತ್ತು ಅವರ ಮಂತ್ರಿಗಳು ಪ್ರಮಾಣವಚನ ತಗೊಂಡರು. ಬೋಧಿಸಿದವರು ಪಕ್ಷದ ವಕೀಲರು. ಟುವಾಲಾ ಉಪಪ್ರಧಾನಿ. ಹಣಕಾಸು ಮುಲಿಪೋಲಾ ಅನಾರೋಸಾ ಅವರಿಗೆ. ಕೃಷಿ, ಪಕ್ಷ ಕಟ್ಟಿದ ಲಾಔಲಿ ಶ್ಮಿಟ್ ಅವರಿಗೆ. ಖಾತೆ ಇತ್ತು, ಕಚೇರಿ ಇರಲಿಲ್ಲ. ತುಯಿಲಾಎಪಾ ಇದನ್ನು ದೇಶದ್ರೋಹ ಅಂದರು, ಕುರ್ಚಿಯಲ್ಲೇ ಕೂತಿದ್ದರು.

ಎರಡು ತಿಂಗಳು ಹೀಗೇ. ಜುಲೈ 23ರಂದು ಮೇಲ್ಮನವಿ ನ್ಯಾಯಾಲಯ, ಚಪ್ಪರದ ಪ್ರಮಾಣವಚನ ಊರ್ಜಿತ, ಮೇ 24ರಿಂದಲೇ ಇವರು ಸರ್ಕಾರ ಅಂದಿತು. ಮೂರು ದಿನಕ್ಕೆ ತುಯಿಲಾಎಪಾ ಸೋಲೊಪ್ಪಿದರು. ದೇಶಕ್ಕೆ ಮೊದಲ ಮಹಿಳಾ ಪ್ರಧಾನಿ ಸಿಕ್ಕರು.

2025ರ ಜನವರಿಯಲ್ಲಿ ಫಿಯಾಮೆ ಅದೇ ಲಾಔಲಿಯವರನ್ನು ಸಂಪುಟದಿಂದ ತೆಗೆದರು. ಪಕ್ಷ ಫಿಯಾಮೆಯವರನ್ನೇ ತೆಗೀತು. ಆಗಸ್ಟ್‌ನಲ್ಲಿ ಚುನಾವಣೆ ನಡೆದು ಲಾಔಲಿ ಪ್ರಧಾನಿಯಾದರು.