ಧೊಂಡಿಯ ವಾಘನ ತಲೆಗೆ ಕಟ್ಟಿದ ಬೆಲೆ

ಚನ್ನಗಿರಿಯಲ್ಲಿ ಹುಟ್ಟಿದ ಧೊಂಡಿಯ ವಾಘನನ್ನು ಕಂಪೆನಿ ಸರ್ಕಾರದ ಕಾಗದಪತ್ರಗಳು ದರೋಡೆಗಾರನೆಂದೇ ಕರೆದಿವೆ. ಹೈದರನ ಸೈನ್ಯದಲ್ಲಿದ್ದು, ಮುಂದೆ ಟಿಪ್ಪುವಿನ ಸೆರೆಯಾಳಾಗಿ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದ ಇವನು, ಚದುರಿದ ಸವಾರರನ್ನು ಕೂಡಿಸಿಕೊಂಡು ಬಿದನೂರು ಸೀಮೆಯನ್ನು ಆಕ್ರಮಿಸಿದನು. ಅದೇ ವರ್ಷ ಹೊನ್ನಾಳಿಯ ಕೋಟೆ ಇಂಗ್ಲಿಷರ ವಶವಾಯಿತು. ಆಗಸ್ಟಿನಲ್ಲಿ ಶಿಕಾರಿಪುರದ ಬಳಿ ಸೋತು ಇವನು ಮರಾಠರ ಸೀಮೆಗೆ ದಾಟಿದನು. 1800ರಲ್ಲಿ ಮರಳಿದಾಗ ತನ್ನನ್ನು ಎರಡು ಲೋಕಗಳ ಅರಸನೆಂದು ಕರೆದುಕೊಳ್ಳುತ್ತಿದ್ದನು!

ಇವನ ತಲೆಗೆ ಬಹುಮಾನ ಸಾರಲಾಯಿತು. ಗುಪ್ತವಾಗಿ ಕೊಲ್ಲಿಸುವ ಸಲಹೆಯೂ ಬಂದಿತು. ಬೆನ್ನಟ್ಟಿದ್ದ ಸೇನಾಪತಿ ಆರ್ಥರ್ ವೆಲ್ಲೆಸ್ಲಿ ಇದಕ್ಕೆ ಒಪ್ಪಲಿಲ್ಲ. ಬಹಿರಂಗವಾಗಿ ಬಹುಮಾನ ಸಾರುವುದು ಬೇರೆ, ಗುಟ್ಟಾಗಿ ಕೊಲೆಗೆ ಕರಾರು ಮಾಡಿಕೊಳ್ಳುವುದು ಬೇರೆ. ಎರಡನೆಯದು ದಂಡಿನ ಮುಂದೆ ನಿಂತ ಅಧಿಕಾರಿಗೆ ತಕ್ಕುದಲ್ಲ ಎಂಬುದು ಅವನ ನಿಲುವು. ಭೇದವು ಸೂಕ್ಷ್ಮವಾದುದೇ ಸರಿ. ಸಾಯುವವನಿಗೆ ಅದರಿಂದ ಆಗುವುದೇನು? ನಮಗೆ ತೋರುವಂತೆ, ಬಹುಮಾನ ಸಾರಿದಾಗಲೇ ಧೊಂಡಿಯನು ಶತ್ರುವಿನ ಸ್ಥಾನದಿಂದ ಅಪರಾಧಿಯ ಸ್ಥಾನಕ್ಕೆ ಇಳಿಸಲ್ಪಟ್ಟನು. ಆದರೆ ಹಣದಾಸೆಗೆ ಯಾರೂ ಅವನನ್ನು ಹಿಡಿದೊಪ್ಪಿಸಲಿಲ್ಲ. ಮರಾಠ, ನಿಜಾಮರ ತುಕಡಿಗಳನ್ನೂ ಕೂಡಿಸಿಕೊಂಡು ತಿಂಗಳುಗಟ್ಟಲೆ ಅಟ್ಟಬೇಕಾಯಿತು. ದರೋಡೆಗಾರನೊಬ್ಬನಿಗೆ ಇಷ್ಟು ದಂಡೇ?

1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ, ವೆಲ್ಲೆಸ್ಲಿಯೇ ಮುಂದಾಗಿ ನಡೆಸಿದ ಕುದುರೆದಳದ ದಾಳಿಗೆ ಧೊಂಡಿಯನು ಬಲಿಯಾದನು. ಸಾಮಾನು ಸರಂಜಾಮಿನ ನಡುವೆ ಅವನ ಮಗ, ಸುಮಾರು ನಾಲ್ಕು ವರ್ಷದ ಸಲಾಬತ್ ಖಾನ್ ಸಿಕ್ಕಿದನು. ವೆಲ್ಲೆಸ್ಲಿ ಆ ಬಾಲಕನನ್ನು ಸಾಕಿಸಿ, ಹಿಂದೂಸ್ಥಾನವನ್ನು ಬಿಡುವಾಗ ಅವನ ಪೋಷಣೆಗೆಂದು ಹಣವಿಟ್ಟು ಹೋದನು.