ಪಾಂವುರುಟಿಯ ಊರಿನಲ್ಲಿ ಹುಳಿಹಿಟ್ಟಿನ ಬ್ರೆಡ್ಡು

ಕೋಲ್ಕತ್ತಾದ ಯಾವುದೇ ರಸ್ತೆಬದಿಯ ಚಹಾದಂಗಡಿಯಲ್ಲಿ ಕಿವಿಗೆ ಬೀಳುವ ಪದ ‘ಪಾಂವುರುಟಿ’. ಕೆಂಡದ ಮೇಲೆ ಸುಟ್ಟು, ಬೆಣ್ಣೆ ಸವರಿ, ಸಕ್ಕರೆಯನ್ನೋ ಮೆಣಸಿನ ಪುಡಿಯನ್ನೋ ಉದುರಿಸಿ ಕೊಡುವ ಬ್ರೆಡ್ಡು ಅದು. ಬಂಗಾಳಿಯಲ್ಲಿ ‘ಪಾ’ ಎಂದರೆ ಕಾಲು. ಹಿಟ್ಟನ್ನು ಕಾಲಿನಿಂದ ತುಳಿದು ನಾದುತ್ತಿದ್ದರು, ಅದಕ್ಕೇ ಈ ಹೆಸರು ಎಂದು ಇಲ್ಲಿ ಅನೇಕರು ಹೇಳುತ್ತಾರೆ. ನಿಜದಲ್ಲಿ ಅದು ಪೋರ್ಚುಗೀಸರ ‘ಪಾಂವ್’. ಅವರ ಭಾಷೆಯಲ್ಲಿ ಬ್ರೆಡ್ಡು ಎಂದೇ ಅರ್ಥ. ನಾವು ‘ನಡು ಸೆಂಟರ್’ ಎನ್ನುವಂತೆ ಇದು ‘ರೊಟ್ಟಿ ರೊಟ್ಟಿ’!

ಪೋರ್ಚುಗೀಸರು 16ನೆಯ ಶತಮಾನದ ಕೊನೆಯಲ್ಲಿ ಹೂಗ್ಲಿಯಲ್ಲಿ ನೆಲೆಯೂರಿದರು. 1632ರಲ್ಲಿ ಷಹಜಹಾನನ ಸೈನ್ಯ ಆ ನೆಲೆಯನ್ನು ಕಿತ್ತುಹಾಕಿತು, ಆದರೆ ಪದ ಉಳಿಯಿತು. 1660ರ ದಶಕದಲ್ಲಿ ಬಂಗಾಳಕ್ಕೆ ಬಂದ ಫ್ರೆಂಚ್ ಪ್ರವಾಸಿ ಬರ್ನಿಯರ್, ಯುರೋಪಿನ ಹಡಗುಗಳ ನಾವಿಕರಿಗಾಗಿ ಇಲ್ಲಿ ಒಳ್ಳೆಯ, ಅಗ್ಗದ ಬಿಸ್ಕತ್ತು ತಯಾರಾಗುತ್ತಿತ್ತೆಂದು ಬರೆದಿದ್ದಾನೆ. 1840ರ ಆಸುಪಾಸಿನಲ್ಲಿ, ಮೊದಲು ಬೇಕರಿ ನಡೆಸುತ್ತಿದ್ದ ಡೇವಿಡ್ ವಿಲ್ಸನ್ ಆಕ್ಲೆಂಡ್ ಹೋಟೆಲ್ ತೆರೆದ. ಅದೇ ಮುಂದೆ ಗ್ರೇಟ್ ಈಸ್ಟರ್ನ್ ಆಯಿತು. 1856ರಲ್ಲಿ ಗಡೀಪಾರಾಗಿ ಮಟಿಯಾಬುರ್ಜ್‌ಗೆ ಬಂದ ಅವಧದ ನವಾಬ ವಾಜಿದ್ ಅಲಿ ಶಾನ ಜೊತೆ ಲಖನೌದ ಅಡುಗೆಯವರೂ ಬಂದರು. ಖಮೀರ್, ಅಂದರೆ ಹುಳಿ ಬರಿಸಿದ ಹಿಟ್ಟಿನ ರೊಟ್ಟಿ ಅವರ ಪರಂಪರೆಯದು. 1902ರಲ್ಲಿ ಬಾಗ್ದಾದಿ ಯಹೂದಿ ಕುಟುಂಬದ ನಾಹೂಮ್ ಬೇಕರಿ ಹುಟ್ಟಿತು. ನ್ಯೂ ಮಾರ್ಕೆಟ್ಟಿನಲ್ಲಿ ಇಂದಿಗೂ ಇದೆ. 1930ರಲ್ಲಿ ಗೋವಾ ಮೂಲದ ಉಬೆಲಿನಾ ಸಲ್ಡಾನ್ಹಾ ಪತಿ ಇಗ್ನೇಷಿಯಸ್ ಜೊತೆ ಆರಂಭಿಸಿದ ಬೇಕರಿಯನ್ನು ಮುಂದೆ ಆ ಮನೆಯ ಹೆಣ್ಣುಮಕ್ಕಳೇ ಬೆಳೆಸಿದರು.

ಇಷ್ಟೆಲ್ಲ ಇದ್ದರೂ ಮಡಿವಂತರ ಮನೆಗಳಿಗೆ ಬ್ರೆಡ್ಡು ಸುಲಭವಾಗಿ ಬರಲಿಲ್ಲ. ನಾದಿದ್ದು ಯಾರ ಕೈ, ಸೇರಿಸಿದ ನೀರು ಯಾರದು ಎಂಬುದೇ ಪ್ರಶ್ನೆ. ಕಾಲಿನಿಂದ ತುಳಿಯುವ ಕಥೆ ಇಷ್ಟು ಗಟ್ಟಿಯಾಗಿ ನಿಲ್ಲಲು ಈ ಅಂಜಿಕೆಯೂ ಒಂದು ಕಾರಣವಿರಬೇಕು. ಕರ್ನಾಟಕದ ಕತೆಯೂ ಬೇರೆಯಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಬ್ರೆಡ್ಡು ಕಾಲಿಟ್ಟದ್ದು ಜ್ವರ ಬಂದವರ ಪಥ್ಯವಾಗಿ, ಹಾಲಿನ ಲೋಟದ ಜೊತೆಗೆ.

ಕಾರ್ಖಾನೆಯ ಈಸ್ಟ್ ಬರುವ ಮೊದಲು ಬ್ರೆಡ್ಡು ಉಬ್ಬುತ್ತಿದ್ದುದಾದರೂ ಹೇಗೆ? ಗೋವಾದಲ್ಲಿ ತೆಂಗಿನ ಕಳ್ಳಿನಿಂದ. ನಮ್ಮ ಮಂಗಳೂರಿನ ಕ್ರೈಸ್ತರ ಸನ್ನಕ್ಕೂ ಅದೇ ಹುದುಗು. ಇನ್ನುಳಿದ ಕಡೆ ಹಿಂದಿನ ದಿನದ ಹಿಟ್ಟಿನ ಒಂದು ಮುದ್ದೆ. 1857ರಲ್ಲಿ ಲೂಯಿ ಪಾಶ್ಚರ್ ಹುದುಗುವಿಕೆ ಜೀವಿಗಳ ಕೆಲಸ ಎಂದು ತೋರಿಸಿದ. ಆಮೇಲೆ ಈಸ್ಟನ್ನೇ ಬೇರ್ಪಡಿಸಿ, ಬೆಳೆಸಿ ಮಾರುವ ಉದ್ಯಮ ಬೆಳೆಯಿತು. 1961ರಲ್ಲಿ ಇಂಗ್ಲೆಂಡಿನ ಚಾರ್ಲಿವುಡ್ ವಿಧಾನ ವೇಗದ ಯಂತ್ರಗಳಿಂದ ನಾದಿ, ಗಂಟೆಗಳ ಕೆಲಸವನ್ನು ಬಹಳ ಕಡಿಮೆ ಮಾಡಿತು. ನಮ್ಮಲ್ಲಿ 1965ರಲ್ಲಿ ಸರ್ಕಾರವೇ ಮಾಡರ್ನ್ ಬೇಕರೀಸ್ ಸ್ಥಾಪಿಸಿತು. ಬ್ರೆಡ್ಡು ಅಗ್ಗವಾಯಿತು, ಊರೂರಿಗೆ ತಲುಪಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಸಮಯದ ಜಾಗಕ್ಕೆ ರಾಸಾಯನಿಕಗಳು ಬಂದವು. ಅವುಗಳಲ್ಲೊಂದಾದ ಪೊಟ್ಯಾಸಿಯಂ ಬ್ರೋಮೇಟನ್ನು ಭಾರತ ನಿಷೇಧಿಸಿದ್ದು 2016ರಲ್ಲಿ.

2020ರ ಲಾಕ್‌ಡೌನಿನಲ್ಲಿ ‘ಸವರ್‌ಡೋ’ ಎಂಬ ಹೆಸರಿನಲ್ಲಿ ಹಳೆಯ ಹುಳಿಹಿಟ್ಟು ಮತ್ತೆ ಮನೆಗಳಿಗೆ ಬಂತು. ಹಲವರಿಗೆ ಅದು ವಿದೇಶಿ ವಿದ್ಯೆಯಂತೆ ಕಂಡಿತು. ಕನ್ನಡ ಹೆಣ್ಣುಮಕ್ಕಳಿಗೆ ಹಾಗೆ ಕಾಣಬೇಕಿಲ್ಲ. ಸುಮಾರು 920ರ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರಿದೆ. 1025ರ ಸುಮಾರಿಗೆ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ವಿಧಾನವಿದೆ. ಅಕ್ಕಿ ಬೆರೆಸಿ ರಾತ್ರಿಯಿಡೀ ಹುದುಗಿಸುವುದು ಅಲ್ಲಿ ಕಾಣುವುದಿಲ್ಲ. ಅದು ಆಮೇಲೆ ಕೂಡಿಬಂದ ಜಾಣತನ. ಇಂದಿನ ಇಡ್ಲಿ ಹಿಟ್ಟನ್ನು ಉಬ್ಬಿಸುವ ಮುಖ್ಯ ಬ್ಯಾಕ್ಟೀರಿಯಾ ಲ್ಯೂಕೊನೊಸ್ಟಾಕ್, ಹುಳಿಹಿಟ್ಟಿನ ಲ್ಯಾಕ್ಟೊಬ್ಯಾಸಿಲಸ್‌ಗಳ ನೆಂಟ. ಬ್ರೆಡ್ಡಿನಲ್ಲಿ ಕಾಡು ಈಸ್ಟ್ ಕೂಡ ಜೊತೆಗೂಡುತ್ತದೆ, ಗಾಳಿಯನ್ನು ಗೋಧಿಯ ಅಂಟು ಹಿಡಿದಿಡುತ್ತದೆ. ಇಡ್ಲಿಯಲ್ಲಿ ಆ ಕೆಲಸ ಉದ್ದಿನ ಲೋಳೆಯದು.

ಮಾಡಿ ನೋಡುವವರಿಗೆ ಲೆಕ್ಕ ಸರಳ. ಗೋಧಿಹಿಟ್ಟು, ನೀರು ಸಮತೂಕ ಕಲಸಿಡಿ. ದಿನವೂ ಅರ್ಧ ತೆಗೆದು, ಉಳಿದದ್ದಕ್ಕೆ ಹೊಸ ಹಿಟ್ಟು, ನೀರು ಹಾಕಿ. ಒಂದು ವಾರದ ಆಚೀಚೆ ಅದು ಹೇಳಿದ ಹೊತ್ತಿಗೆ ಉಬ್ಬತೊಡಗುತ್ತದೆ. ಬಳಿಕ 500 ಗ್ರಾಂ ಹಿಟ್ಟು, 350 ಗ್ರಾಂ ನೀರು, 100 ಗ್ರಾಂ ಹುಳಿಹಿಟ್ಟು, 10 ಗ್ರಾಂ ಉಪ್ಪು. ಪೂರ್ತಿ ಗೋಧಿಹಿಟ್ಟಾದರೆ ನೀರು ಇನ್ನಷ್ಟು ಬೇಕು. ಪುಸ್ತಕಗಳ ಸಮಯ ಯುರೋಪಿನ ಚಳಿಗೆ ಹೊಂದುವಂಥದ್ದು. ಕೋಲ್ಕತ್ತಾದ ವೈಶಾಖದಲ್ಲಿ ಅದನ್ನು ನಂಬಬೇಡಿ. ಇಲ್ಲಿ ಹುಳಿಹಿಟ್ಟನ್ನು 50 ಗ್ರಾಂಗೆ ಇಳಿಸಿ, ತಣ್ಣೀರು ಬಳಸಿ, ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಚೆನ್ನಾಗಿ ಕಾದ ಮುಚ್ಚಳದ ದಪ್ಪ ಪಾತ್ರೆಯಲ್ಲಿ 230 ಡಿಗ್ರಿಯಲ್ಲಿ ಸುಮಾರು 45 ನಿಮಿಷ. ಕೊನೆಯ 20 ನಿಮಿಷ ಮುಚ್ಚಳ ತೆಗೆಯಿರಿ. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ ಬ್ಯಾಕಪ್ಪೂ ಇರಲಿ: ಸ್ವಲ್ಪ ಹುಳಿಹಿಟ್ಟನ್ನು ತೆಳ್ಳಗೆ ಒಣಗಿಸಿ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡದು.

ಒಂದು ಮಾತು ಮಾತ್ರ ನನ್ನನ್ನು ಕಾಡುತ್ತದೆ. ಇಂದು ಹುಳಿಹಿಟ್ಟಿನ ಬ್ರೆಡ್ಡನ್ನು ‘ಕಲೆ’ ಎನ್ನುತ್ತಾರೆ, ಅದಕ್ಕೆ ತಕ್ಕ ಬೆಲೆಯೂ ಇದೆ. ಮಳೆ, ಚಳಿ, ಸೆಕೆ ನೋಡಿ ಉಪ್ಪು ಯಾವಾಗ, ಉದ್ದು ಎಷ್ಟು ಎಂದು ದಿನವೂ ನಿರ್ಧರಿಸಿದ ನಮ್ಮ ಅಜ್ಜಿಯರ ಕೆಲಸಕ್ಕೆ ಮಾತ್ರ ‘ಮನೆಗೆಲಸ’ ಎಂದೇ ಹೆಸರು. ಇತಿಹಾಸದಲ್ಲಿ ಅಂಗಡಿ ಇಟ್ಟವರ ಹೆಸರುಗಳು ಉಳಿದಿವೆ. ಹೆಪ್ಪು ಉಳಿಸಿದವರ ಹೆಸರುಗಳು ಇಲ್ಲ. ನಮ್ಮ ವೇದಿಕೆಯ ಹಿರಿಯರು ಲೇಕ್ ಮಾರ್ಕೆಟ್ಟಿನ ಉದ್ದು, ಬಂಗಾಳದ ಅಕ್ಕಿಯೊಂದಿಗೆ ಈ ಊರಿನ ಸೆಕೆಯಲ್ಲಿ ಹಿಟ್ಟು ಹದ ಮಾಡಲು ಕಲಿತದ್ದೂ ಒಂದು ಇತಿಹಾಸವೇ. ಅದನ್ನು ಅವರ ಬಾಯಿಂದ ಕೇಳಿ, ಅವರ ಹೆಸರಿನೊಂದಿಗೆ ಬರೆದಿಡೋಣ. ಮುಂದಿನ ಸಂಚಿಕೆಯಷ್ಟರಲ್ಲಿ ಒಬ್ಬೊಬ್ಬರು ಒಂದೊಂದು ಪುಟ ಬರೆದರೂ ಸಾಕು.